ನೆನೆಹಾಕುವ ಕಾಳು

ಜುಲೈ 8, ಮಂಗಳವಾರ, ಕಾಚಿಗೂಡ

ಮೊಮ್ಮಗಳು ಗಾನವಿಗೆ ವಸ್ತು ವಿಂಗಡಿಸಲು ಬರುವುದಿಲ್ಲ, ಇನ್ನೊಂದು ವರ್ಷ ಇದೇ ತರಗತಿಯಲ್ಲಿರಲಿ ಎಂದು ಟೀಚರ್ ಹೇಳಿದ್ದು ಮೂರು ದಿನದಿಂದ ಚುಚ್ಚುತ್ತಿತ್ತು. ಇಂದು ನಾನೇ ತಟ್ಟೆಯಲ್ಲಿ ಕಾಳು, ಬೇಳೆ ಬೆರೆಸಿ ಕೊಟ್ಟೆ. ಹಸಿರು ಹೆಸರುಕಾಳು, ಕಂದು ಕಡಲೆ ಒಂದೇ ಗುಡ್ಡೆ ಮಾಡಿದಳು. ತೊಗರಿಬೇಳೆಯ ಜೊತೆ ಕೆಂಪು ಮಸೂರಬೇಳೆ.

“ಇದೇನ ಮಾಡಿದಿ? ಬಣ್ಣ ಬ್ಯಾರೆ ಬ್ಯಾರೆ ಅದಾವಲ್ಲ!” ಎಂದು ಗದರಿದೆ.

“ಅಜ್ಜಿ, ಇವು ರಾತ್ರಿ ನೆನಿ ಇಡೋವು. ಅವು ಹಂಗ ಕುಕ್ಕರಿಗೆ. ನೀನ ದಿನಾ ಮಾಡ್ತಿ, ಗೊತ್ತಿಲ್ಲೇನು?”

ಸೊಸೆ ಮಾನಸಾ ಬಾಯಿ ಮುಚ್ಚಿಕೊಂಡು ನಕ್ಕಳು. ನಗಲಿ. ಮಗುವಿಗೆ ಬರುತ್ತದೆ, ಅಷ್ಟು ಸಾಕು.

ಅವಳ ಕಾಳಿನ ಗುಡ್ಡೆಯನ್ನು ಹಾಗೆಯೇ ನೆನೆಹಾಕಿ ಬಂದಿದ್ದೇನೆ. ನಾಳೆ ಟೀಚರಿಗೆ ಒಂದು ಡಬ್ಬಿ ಉಸುಳಿ ಒಯ್ಯುತ್ತೇನೆ. ನನ್ನ ಅರ್ಧಂಬರ್ಧ ತೆಲುಗಿನಲ್ಲೇ ಎಲ್ಲ ಬಿಡಿಸಿ ಹೇಳುತ್ತೇನೆ. ಮೂರು ದಿನದಿಂದ ಬಾರದ ನಿದ್ದೆ ಈಗ ಒಮ್ಮೆಲೇ ಬರ…