ಹೊಸದಡದ ಎದುರು ಒಂದು ಡೆಲಿವರಿ

ಶಾಲಿವಾಹನ ಶಕೆ 2119, ಹೇವಿಳಂಬಿ ಸಂವತ್ಸರ, ಮಾಘ ಮಾಸ. ನಿಮ್ಮ ಲೆಕ್ಕಕ್ಕೆ 2198ನೇ ಇಸವಿ. ತಿಥಿ ಮಾತ್ರ ಕೇಳಬೇಡಿ. ಪಂಚಾಂಗ ನೀರಿಗೆ ಬಿದ್ದ ಮೇಲೆ ತಿಥಿಯ ವಿಚಾರದಲ್ಲಿ ನಮ್ಮ ಹಡಗಿನಲ್ಲಿ ಎರಡು ಪಕ್ಷಗಳಾಗಿವೆ, ಎರಡೂ ಸೋಲಲು ತಯಾರಿಲ್ಲ.

ಎರಡು ಸಾವಿರದ ಇಪ್ಪತ್ತರ ಆಸುಪಾಸಿನ ಹಿರಿಯರಿಗೆ ಗಂಗೊಳ್ಳಿಯ ಜಟ್ಟಪ್ಪ ಖಾರ್ವಿಯ ನಮಸ್ಕಾರ. ಹಿರಿಯರೇ ಎಂದು ಕರೆದೆನಾದರೂ ನಿಮ್ಮಲ್ಲಿ ಬಹಳ ಜನ ನನಗಿಂತ ಚಿಕ್ಕವರಿದ್ದೀರಿ. ನನಗೆ ಅರವತ್ತು ದಾಟಿ ಕೆಲವು ಮಳೆಗಾಲಗಳಾದವು. ನನ್ನ ಮಾತಿನ ನಡುವೆ ನಿಮಗೆ ಗುರುತಿಲ್ಲದ ಪದಗಳು ಸಿಕ್ಕಬಹುದು. ಕೈಗೆ ಬಂದ ಪರದೇಶದ ನಾಣ್ಯವನ್ನು ತಿರುಗಿಸಿ ನೋಡುವ ಹಾಗೆ ಅವನ್ನೂ ಒಮ್ಮೆ ತಿರುಗಿಸಿ ನೋಡಿ. ಚಲಾವಣೆಯಾಗದಿದ್ದರೆ ಬಿಸಾಡಿ, ಬೇಸರವಿಲ್ಲ. ಈ ಓಲೆಗೆ ನಮ್ಮಲ್ಲಿ ಹಿಂದೋಲೆ ಎನ್ನುತ್ತಾರೆ. ಮೊದಲು ಹಿರಿಯರಿಗೆ ಎಡೆ ಇಡುತ್ತಿದ್ದರಂತೆ. ನಾವು ಕಡಲಿಗಿಳಿದು ಎಲ್ಲಾದರೂ ಸಿಕ್ಕಿಬಿದ್ದಾಗ, ಆಗಿಹೋದವರಿಗೆ ಒಂದು ಕಾಗದ ಬರೆದು ನೀರಿಗೆ ಬಿಡುತ್ತೇವೆ. ತಲುಪುತ್ತದೋ ಇಲ್ಲವೋ, ಎಡೆಯನ್ನೂ ಕಾಗೆಯೇ ತಿನ್ನುತ್ತಿದ್ದದ್ದಲ್ಲವೇ.

ನಾನೀಗ ಸಿಕ್ಕಿಬಿದ್ದಿರುವುದು ಆಫ್ರಿಕದ ಕರಾವಳಿಯ ಒಂದು ಬಂದರಿನ ಎದುರು. ಅದು ನಿಮ್ಮ ಭೂಪಟದಲ್ಲಿಲ್ಲ. ಕಡಲು ಮೇಲೇರಿ ಹಳೆಯ ಊರುಗಳನ್ನು ನುಂಗಿದ ಮೇಲೆ ಗುಡ್ಡದ ನೆತ್ತಿಯಲ್ಲಿ ಕಟ್ಟಿಕೊಂಡ ಊರು. ನಮ್ಮವರ ಬಾಯಲ್ಲಿ ಹೊಸದಡ. ನಮ್ಮ ಗಂಗೊಳ್ಳಿಯೂ ಹಾಗೆಯೇ ಗುಡ್ಡ ಹತ್ತಿದೆ. ಮರವಂತೆಯಲ್ಲಿ ನದಿ ಒಂದು ಮಗ್ಗುಲಿಗೆ, ಸಮುದ್ರ ಒಂದು ಮಗ್ಗುಲಿಗೆ ಇದ್ದು ನಡುವೆ ನಿಮ್ಮ ಹೆದ್ದಾರಿ ಓಡುತ್ತಿತ್ತಂತೆ, ಜನ ಕಾರು ನಿಲ್ಲಿಸಿ ಪಟ ತೆಗೆಸಿಕೊಳ್ಳುತ್ತಿದ್ದರಂತೆ. ಈಗ ಆ ರಸ್ತೆಯ ಮೇಲೆ ಬಂಗುಡೆ ಓಡಾಡುತ್ತದೆ, ಒಳ್ಳೆಯ ಬಲೆ ಬೀಳುವ ಜಾಗ. ಎಣ್ಣೆ ಮುಗಿದು ನಿಮ್ಮ ಎಂಜಿನ್ನುಗಳು ತುಕ್ಕಾದವು, ಮಂಜಿ ಮರಳಿ ಬಂತು. ಮಂಜಿಯೆಂದರೆ ನಿಮ್ಮ ಮುತ್ತಜ್ಜಂದಿರು ಹೆಂಚು, ಅಕ್ಕಿ ಹೇರಿಕೊಂಡು ಗಾಳಿಯ ಮೇಲೆ ಹೋಗುತ್ತಿದ್ದ ಮರದ ಹಾಯಿಹಡಗು. ನಮ್ಮದಕ್ಕೆ ಎರಡು ಹಾಯಿ: ಒಂದು ಗಾಳಿಯದು, ಇನ್ನೊಂದು ಬಿಸಿಲುಹಾಯಿ. ಬಿಸಿಲುಹಾಯಿ ಬೆಳಕು ಕುಡಿಯುವ ಬಟ್ಟೆ. ಅದರ ಶಕ್ತಿಯಿಂದಲೇ ಉಪ್ಪುನೀರು ಸಿಹಿಯಾಗುತ್ತದೆ, ಗಂಜಿ ಬೇಯುತ್ತದೆ. ಮೋಡ ಕವಿದ ದಿನ ಅವಲಕ್ಕಿ.

ಎಲ್ಲಿಗೆ ಹೋದೆ? ವಿಷಯಕ್ಕೆ ಬರುತ್ತೇನೆ. ನನ್ನ ಹೆಂಡತಿಯ ಹೆಸರು ಸಾಕು. ನಾಲ್ಕು ಹೆಣ್ಣು ಹುಟ್ಟಿದ ಮೇಲೆ ಇನ್ನು ಸಾಕು ಎಂದು ಇಟ್ಟ ಹೆಸರು. ಅದನ್ನು ಕೇಳದೆ ಐದನೆಯವಳಾಗಿ ಅವಳ ತಂಗಿ ಜಲಜ ಹುಟ್ಟಿದಳು. ಮಗಳು ವಾರಾಹಿಯನ್ನು ಹೊಸದಡದ ಬಕಾರಿ ಎಂಬ ಹಾಯಿ ಹೊಲಿಯುವವನಿಗೆ ಕೊಟ್ಟು ಕಳಿಸುವಾಗ ಸಾಕು ಕಡಲ ನೀರು ಮುಟ್ಟಿ ಮಾತು ಕೊಟ್ಟಿದ್ದಳು, ಮೊದಲ ಬಾಣಂತನಕ್ಕೆ ನಾನೇ ಬರುತ್ತೇನೆಂದು. ಬರಲಾಗಲಿಲ್ಲ. ಊರೂರಿಗೆ ಹಬ್ಬಿದ ಒಣಜ್ವರದ ಮೊದಲ ಅಲೆಯಲ್ಲೇ ಹೋದಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದಿನದನ್ನು ಓದಿ ಈ ಮುದುಕ ಜ್ವರವೇ ಸುಳ್ಳು ಎನ್ನುವ ಪೈಕಿ ಎಂದು ನೀವು ತಿಳಿಯಬಾರದು. ನಿಮ್ಮಲ್ಲೂ ಅಂಥವರಿದ್ದರಂತೆ. ಜ್ವರಕ್ಕೆ ನಾನು ಹೆದರುತ್ತೇನೆ. ಮುಚ್ಚಿದ ಬಾಗಿಲಿಗೆ ಹೆದರುವುದಿಲ್ಲ.

ಎರಡನೇ ಅಲೆಗೆ ಬಂದರುಗಳು ಒಂದೊಂದಾಗಿ ಸೂತಕ ಸಾರಿದವು. ಬಂದರು ಸೂತಕವೆಂದರೆ ನಿಮ್ಮ ಲಾಕ್‌ಡೌನಿನ ಮೊಮ್ಮಗು: ಬಂದ ಹಡಗು ದೂರ ನಿಲ್ಲಬೇಕು, ಯಾರೂ ಇಳಿಯಬಾರದು, ಮುಂದಿನ ಬಂದರಿನಲ್ಲಿ ಮತ್ತೆ ಮೊದಲಿನಿಂದ. ಅಷ್ಟರಲ್ಲಿ ದ್ವೀಪದಿಂದ ದ್ವೀಪಕ್ಕೆ ದೀಪ ಮಿನುಗಿಸಿ ಸುದ್ದಿ ಮುಟ್ಟಿಸುವ ಸಾಲಿನಲ್ಲಿ ವಾರಾಹಿಯ ಮಾತು ಬಂತು. “ಅಮ್ಮ ಬಪ್ಪುದ್ ಅಂತ ಆಗಿತ್ತ್. ಈಗ ನೀವಾರೂ ಬನ್ನಿ ಅಪ್ಪಯ್ಯ. ಇಲ್ಲ್ ಜ್ವರ ಜೋರ್ ಇತ್ತ್. ಬೀದಿ ಬೀದಿಗ್ ಹಗ್ಗ ಕಟ್ಟಿದ್ರ್, ಸೂಲಗಿತ್ತಿ ಬಪ್ಪುಕೆ ಆತಿಲ್ಲ.” ಇಷ್ಟೇ. ಬಕಾರಿಗೆ ತಾಯಿಯಿಲ್ಲ. ಹಗ್ಗ ಕಟ್ಟಿದ ಬೀದಿಯಲ್ಲಿ, ಪಕ್ಕದ ಮನೆಯ ಹೆಂಗಸೂ ಹೊಸಿಲು ದಾಟದ ಊರಿನಲ್ಲಿ, ನನ್ನ ಮಗಳು ಒಬ್ಬಳೇ ಹೆರಬೇಕಾಗಿತ್ತು.

ನಮ್ಮ ಮಾಮೂಲಿ ದಾರಿ ದಡದ ಗುಂಟ ಉತ್ತರಕ್ಕೆ ಹೋಗಿ, ಅರಬರ ಬಂದರುಗಳಲ್ಲಿ ನೀರು ತುಂಬಿಕೊಂಡು, ಅಲ್ಲಿಂದ ಕೆಳಗಿಳಿಯುವುದು. ಆ ದಾರಿ ಹಿಡಿದರೆ ಪ್ರತಿ ಬಂದರಿನ ಸೂತಕ ಕಳೆಯುವಷ್ಟರಲ್ಲಿ ಮಗು ನಡೆಯಲು ಕಲಿಯುತ್ತಿತ್ತು. ನಮ್ಮ ಬಂದರಿನ ಹಿರಿಯ ತಿಮ್ಮ ಮರಕಾಲರು ನಾಲ್ಕು ಜನರ ಎದುರಿಗೇ ಕೇಳಿದರು: “ಜಟ್ಟಪ್ಪ, ನಿನ್ ಮಂಡೆ ಸಮ ಇತ್ತಾ? ಬಾಗ್ಲ್ ಹಾಕಿದ್ ಮನಿಗೆ ಯಾರಾರೂ ನೆಂಟ್ರ್ ಹೋತ್ರಾ? ಅದೂ ಗಂಡ್ಸ್ ಬಾಣಂತನ ಮಾಡುದಂದ್ರೆ ಹುಂಜ ಕಾವಿಗ್ ಕೂತಂಗೆ ಮಾರಾಯಾ!” ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದೆ ಇದ್ದವಳು ಜಲಜ ಒಬ್ಬಳೇ. ನನ್ನ ನಾದಿನಿಯಾದರೂ ಮಂಜಿ ನಡೆಸುವ ತಾಂಡೇಲಳು ಅವಳೇ. ಕಡಲಿನಲ್ಲಿ ಅವಳ ಮಾತಿಗೆ ಎದುರಿಲ್ಲ.

“ದಡ ಮುಟ್ಟುಕೆ ಬಿಡುದಿಲ್ಲ ಅಂತ್ರ್ ಅಲ್ದಾ ಬಾವ?” ಎಂದಳು. “ಬ್ಯಾಡ, ನಾವ್ ಮುಟ್ಟುದೇ ಇಲ್ಲ. ನಡು ಕಡಲಂಗ್ ಸೀದಾ ಹೋಪ.”

ಹೀಗೆ ದಾರಿ ಬದಲಾಯಿತು. ನೀರಿನ ಪೀಪಾಯಿ ಹೆಚ್ಚು ಹೇರಿದೆವು, ಅಕ್ಕಿಯ ಮೂಟೆ ಕಡಿಮೆ. ಸಾಕು ಬದುಕಿದ್ದಾಗಲೇ ಕಾಯಿಸಿಟ್ಟಿದ್ದ ಬಾಣಂತಿ ಎಣ್ಣೆ, ಒಣಶುಂಠಿ, ಓಲೆಬೆಲ್ಲ, ಕರಿಮೆಣಸು ಒಂದು ಭರಣಿಯಲ್ಲಿ. ಕೂಸಿಗೆಂದು ಅವಳ ಹಳೆ ಸೀರೆಗಳನ್ನು ತೊಳೆದು ತೊಳೆದು ಮೆತ್ತಗೆ ಮಾಡಿ ಹರಿದು ಮಡಿಸಿಟ್ಟೆ. ಜಲಜ, ನಾನು, ಹಗ್ಗ ಎಳೆಯಲು ಇಬ್ಬರು ಅಣ್ಣತಮ್ಮಂದಿರು, ಇಷ್ಟೇ ಜನ. ನನ್ನ ಕೆಲಸ ಬಾವುಟದ್ದು. ಅದನ್ನು ಸ್ವಲ್ಪ ವಿವರಿಸಬೇಕು. ನಿಮ್ಮ ಇಂಗ್ಲಿಷ್ ನಮ್ಮಲ್ಲಿ ಈಗ ಮಂತ್ರದ ಹಾಗೆ: ಯಾರೂ ಮನೆಯಲ್ಲಿ ಆಡುವುದಿಲ್ಲ, ಆದರೆ ಹಡಗು ಮತ್ತು ಬಂದರು ಮಾತಾಡಬೇಕಾದರೆ ಬಾವುಟದ ಅಕ್ಷರದಲ್ಲಿ ಅದನ್ನೇ ಆಡಬೇಕು. ನಾನು ಕುಂದಾಪುರದ ಕಾಲೇಜಿನಲ್ಲಿ ಎರಡು ವರ್ಷ ಕಲಿತವ. ಗ್ರಾಮರ್ ಅರ್ಧ ಹೋಗಿದೆ. ಡ್ಯಾಫೊಡಿಲ್ ಎಂಬ ಹೂವೊಂದು ಇತ್ತೆಂದು ನೆನಪಿದೆ, ಯಾವ ಬಣ್ಣವೋ ಮರೆತೆ. ಆದರೂ ಊರಿನಲ್ಲಿ ಇಂಗ್ಲಿಷ್ ಬಲ್ಲವನೆಂದರೆ ನಾನೇ.

ತಿಂಗಳಿಗೂ ಮೇಲೆ ದಡ ಕಾಣಲಿಲ್ಲ. ಒಬ್ಬರಿಗೂ ಒಂದು ಸೀನು ಬರಲಿಲ್ಲ. ಮೂಡಣ ಗಾಳಿ ನಮ್ಮನ್ನು ತವರಿಗೆ ಕರೆದೊಯ್ಯುವವರ ಹಾಗೆ ಜೋಪಾನವಾಗಿ ಸಾಗಿಸಿತು. ಲೋಕದಲ್ಲಿ ಆಗ ನಮ್ಮ ಮಂಜಿಯಷ್ಟು ಚೊಕ್ಕಟವಾದ ಜಾಗ ಇನ್ನೊಂದಿರಲಿಲ್ಲ ಎಂದು ಆಣೆ ಇಟ್ಟು ಹೇಳಬಲ್ಲೆ.

ಹೊಸದಡದ ಎದುರು ಲಂಗರು ಬಿಡುವ ಮೊದಲೇ ಬಂದರಿನ ಗೋಪುರದಿಂದ ಬಾವುಟಗಳೇರಿದವು. ಸ್ಟೇಟ್ ಪರ್ಪಸ್. ಆನ್ ಪರ್ಪಸ್ ಎಂದರೆ ಬೇಕಂತಲೇ ಎಂದು ಕಾಲೇಜಿನಲ್ಲಿ ಓದಿದ್ದೆ. ಬೇಕಂತಲೇ ಬಂದಿರಾ ಎಂದು ಕೇಳುತ್ತಿದ್ದಾರೆ, ಇರಲಿ, ಸುಳ್ಳೇಕೆ ಹೇಳಬೇಕು? ಎಸ್ ಎಂದು ಏರಿಸಿದೆ. ಗೋಪುರ ಅದನ್ನೇ ಮತ್ತೆ ಕೇಳಿತು. ಯಾಕೆ ಬಂದಿರಿ ಎಂಬುದು ಇರಬೇಕೆಂದು ಆಗ ಹೊಳೆಯಿತು. ಹೆರಿಗೆಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂಬುದು ನಮ್ಮ ಕಡೆ ಸೂಲಗಿತ್ತಿಗೂ ಗೊತ್ತು. ನಿಮ್ಮ ಕಾಲದಿಂದ ನಮ್ಮ ಬಾಯಲ್ಲಿ ಉಳಿದುಬಂದಿರುವ ಪದ ಅದು. ಹೊಟ್ಟೆ ಮುಂದೆ ಬಂದವಳನ್ನು ಕಂಡರೆ ಡೆಲಿವರಿ ಯಾವಾಗ ಎಂದೇ ಕೇಳುತ್ತೇವೆ. ಹಾಗಾಗಿ ಏರಿಸಿದೆ: ಡೆಲಿವರಿ. ಅರ್ಜೆಂಟ್.

ಉತ್ತರ ಬೇಗ ಬಂತು. ಡೆಲಿವರಿ ಅಲೌಡ್ ಆನ್ ಬೋರ್ಡ್. ರಿಸೀವರ್ ಮೇ ಕಮ್. ನೋ ಲ್ಯಾಂಡಿಂಗ್.

“ಎಂತ ಹೇಳ್ತ್ರ್ ಬಾವ?” ಎಂದಳು ಜಲಜ.

“ಹೆರಿಗಿ ಹಡಗಿನ್ ಮೇಲೇ ಮಾಡ್ಕಂಬುಕೆ ಅಡ್ಡಿಲ್ಲಂಬ್ರ್. ಕರ್ಕಂಡ್ ಬಪ್ಪುಕೆ ಜನ ಬರ್ಲಿ ಅಂಬ್ರ್. ನಾವ್ ಮಾತ್ರ ಇಳೂಕಾಗ.”

“ಎಷ್ಟ್ ಒಳ್ಳೆ ಜನ!” ಎಂದಳು. ಅವಳ ಕಣ್ಣು ತುಂಬಿತ್ತು. “ನಾವ್ ಸುಮ್ನೆ ಬೈಕಂಡ್ ಬಂದ್ವಲೆ.”

ಗೋಪುರ ಇನ್ನೊಂದು ಪ್ರಶ್ನೆ ಏರಿಸಿತು. ಹೌ ಮೆನಿ? ನಾನು ಯೋಚಿಸಿ ಹೇಳಿದೆ: ಒನ್. ಮೇ ಬಿ ಟೂ. ಗಾಡ್ ನೋಸ್. ಜಲಜಳ ಅಜ್ಜಿ ಅವಳಿಜವಳಿ ಹೆತ್ತವಳು, ಅದಕ್ಕೆ.

ರಿಸೀವರ್ ಬಂದ. ನಮ್ಮ ಬಕಾರಿಯೇ. ಗೋಪುರದವರು ಕಡಲತೀರದಲ್ಲಿ ಕಹಳೆಯೂದಿ ಗಂಗೊಳ್ಳಿಯ ಮಂಜಿಯಿಂದ ಡೆಲಿವರಿ ಯಾರಿಗಿದೆ ಎಂದು ಕೂಗಿಸಿದ್ದರಂತೆ. ಬಕಾರಿ ತನ್ನ ಊರಿನ ಮಾತೂ ನಮ್ಮ ಮಾತೂ ಬಲ್ಲವ, ಹೆಂಡತಿಯಿಂದ ಕಲಿತ ಕನ್ನಡ. ಅವನಿಗೆ ಕ್ಷಣದಲ್ಲಿ ಎಲ್ಲ ಅರ್ಥವಾಗಿದೆ. ನನಗೆ ಎಂದು ಕೈಯೆತ್ತಿದ್ದಾನೆ. ಸಾಮಾನು ತರಲು ಹೋಗುವವನಿಗೆ ಬೀದಿಯ ಹಗ್ಗ ಎತ್ತಿಕೊಟ್ಟಿದ್ದಾರೆ. ಚಿಕ್ಕ ದೋಣಿಯಲ್ಲಿ ಹರಿದ ಹಾಯಿಗಳ ರಾಶಿ, ಅದರಡಿ ಅಡಗಿ ಬಂದು ಈಗ ರಾಶಿಯ ಮೇಲೆ ಕೂತ ನನ್ನ ಮಗಳು, ಹೊಟ್ಟೆಯ ಮೇಲೆ ಎರಡೂ ಕೈ.

“ಮಾವಯ್ಯ, ತಗೊಳ್ಳಿ, ನಿಮ್ಮ ಡೆಲಿವರಿ!” ಎಂದು ಕೂಗಿದ.

“ಅಪ್ಪಯ್ಯ, ನಾ ಅಕ್ಕಿ ಮೂಟಿ ಅಲ್ಲ, ಮೆಲ್ಲ ಎಳಿರಿ ಕಾಂಬ!” ಎಂದಳು ವಾರಾಹಿ. ಮೂರು ವರ್ಷದ ಮೇಲೆ ಕೇಳಿದ ಮೊದಲ ಮಾತು. ಅವಳ ಅಮ್ಮನ ದನಿಯೇ. ಮೇಲೆ ಹತ್ತಿದವಳು ನನ್ನ ಹಿಂದೆ ಒಮ್ಮೆ ಕಣ್ಣಾಡಿಸಿದಳು, ಇನ್ನೊಬ್ಬಳು ಇರಬಹುದೇನೋ ಎಂಬಂತೆ. ಆಮೇಲೆ ನೋವು ಬಂತು, ನನಗೆ ಅಳಲು ಪುರುಸೊತ್ತಾಗಲಿಲ್ಲ.

ಗೋಪುರದವರು ಕೊಟ್ಟ ಅಪ್ಪಣೆಯ ನಿಜವಾದ ಅರ್ಥವನ್ನು ಬಕಾರಿ ನಮಗೆ ಹೇಳಿದ್ದು ಆಗ, ನೀರು ಕಾಯಿಸುತ್ತಾ: ಡೆಲಿವರಿಯೆಂದರೆ ಅವರ ಲೆಕ್ಕದಲ್ಲಿ ಸಾಮಾನು ತಲುಪಿಸುವುದು. ನಿಮ್ಮ ಕಾಲದಲ್ಲಿ ಊರೆಲ್ಲ ಬಾಗಿಲು ಹಾಕಿಕೊಂಡಾಗಲೂ ಬೀದಿಯಲ್ಲಿ ಓಡಾಡಲು ಬಿಟ್ಟಿದ್ದು ಡೆಲಿವರಿಯವರನ್ನಂತೆ. ಸಾಮಾನಿಗೆ ಅಂದೂ ದಾರಿಯಿತ್ತು, ಇಂದೂ ಇದೆ. ಹೆರುವವಳಿಗೆ ಮಾತ್ರ ಹಗ್ಗ. ನನಗೆ ತಪ್ಪು ಮಾಡಿದೆನೆಂದು ಒಂದು ಗಳಿಗೆಯೂ ಅನ್ನಿಸಲಿಲ್ಲ. ನಾನು ನಿಜವನ್ನೇ ಹೇಳಿದ್ದೆ. ಅವರು ಅಕ್ಕಿ ಎಂದುಕೊಂಡರೆ ಅದು ಅವರ ಇಂಗ್ಲಿಷಿನ ಬಡತನ.

ಬಿಸಿಲುಹಾಯಿಯನ್ನು ಇಳಿಸಿ ಅಡ್ಡ ಕಟ್ಟಿದೆವು. ಒಳಗೆ ಜಲಜ, ಹೊರಗೆ ನಾನು. ಹೆಣ್ಣುಕೂಸು ಹುಟ್ಟಿ ಕೂಗಿದಾಗ ಮೇಲೆ ಕೂತಿದ್ದ ಕಡಲಕಾಗೆಗಳೆಲ್ಲ ಎದ್ದವು. ಜಲಜ ತಲೆ ಹೊರಗೆ ಹಾಕಿ, “ಸೂತಕ ಹೋಯ್ತ್ ಬಾವ, ಇನ್ ಅಮೆ,” ಎಂದಳು. ಸತ್ತರೆ ಸೂತಕ, ಹುಟ್ಟಿದರೆ ಅಮೆ; ಎರಡರಲ್ಲೂ ಮನೆಯವರು ಪರರನ್ನು ಮುಟ್ಟದೆ ಬೇರೆಯೇ ಇರುವುದು. ಇರುವ ರೀತಿ ಒಂದೇ, ಆದರೆ ಒಂದರಲ್ಲಿ ಒಲೆ ತಣ್ಣಗಿರುತ್ತದೆ, ಇನ್ನೊಂದರಲ್ಲಿ ಹಂಡೆ ಕಾಯುತ್ತಲೇ ಇರುತ್ತದೆ. ಈ ವ್ಯತ್ಯಾಸ ಬಂದರಿನವರಿಗೆ ಯಾರೂ ಹೇಳಿಕೊಟ್ಟಂತಿಲ್ಲ.

ಮಗುವಿನ ಕೂಗು ಗಾಳಿಗೆ ದಡ ಮುಟ್ಟಿರಬೇಕು. ಇಂದು ಬೆಳಿಗ್ಗೆ ಗೋಪುರ ಒಂದಾದ ಮೇಲೊಂದು ಬಾವುಟ ಏರಿಸಿತು. ಹಡಗಿನಲ್ಲಿ ಎಷ್ಟು ಜನ? ನಾನು ಲೆಕ್ಕ ಹೇಳಿದೆ, ಕೂಸನ್ನೂ ಸೇರಿಸಿ. ಬಹಳ ಹೊತ್ತಿನ ಮೇಲೆ ಆಜ್ಞೆ ಬಂತು: ನಿಯಮ ಮುರಿದ ಹಡಗು ಇರುವ ಜನರನ್ನೆಲ್ಲ ಹೊತ್ತು ಇಂದೇ ಜಾಗ ಬಿಡಬೇಕು. ಹಸಿ ಬಾಣಂತಿ, ಕಣ್ಣು ಬಿಡದ ಕೂಸು, ಎದುರುಗಾಳಿ. ಈ ಗಾಳಿ ತಿರುಗುವವರೆಗೆ ಊರಿಗೆ ದಾರಿಯಿಲ್ಲವೆಂದು ಕಡಲಿನ ಎಂಥ ದಡ್ಡನಿಗೂ ಗೊತ್ತು.

ಬಾವುಟದ ಪೆಟ್ಟಿಗೆ ತೆಗೆದೆ. ಅರ್ಧಂಬರ್ಧ ನೆನಪಿನ ನನ್ನ ಇಂಗ್ಲಿಷಿನಲ್ಲಿ ಸಂದೇಹವೇ ಇಲ್ಲದೆ ಗೊತ್ತಿರುವ ಪದ ಒಂದೇ. ಅದನ್ನು ಏರಿಸಿದೆ. ನೋ.

“ಎಂತ ಅಂದ್ರಿ?” ಎಂದಳು ಜಲಜ.

“ಇಲ್ಲ ಅಂದೆ.”

“ಅಷ್ಟೇಯಾ?”

“ಅಷ್ಟ್ ಸಾಲ್ದಾ?”

ಅವಳು ಹಡಗಿನ ಮೂತಿಗೆ ಹೋಗಿ ಎರಡನೇ ಲಂಗರನ್ನೂ ಬಿಟ್ಟಳು. ಆ ಸದ್ದಿಗೆ ದಡದಲ್ಲಿ ಜನ ಸೇರಿದರು, ಒಬ್ಬರಿಂದೊಬ್ಬರು ದೂರ ನಿಂತು. ಅವರಲ್ಲಿ ಬಹಳಷ್ಟು ಹೆಂಗಸರು, ಕೆಲವರು ಎರಡು ಕೈಯಲ್ಲೂ ಬೆನ್ನು ಹಿಡಿದು ನಿಂತಿದ್ದರು. ದಿನ ತುಂಬಿದವರು ಹೇಗೆ ನಿಲ್ಲುತ್ತಾರೆಂದು ನನಗೆ ಗೊತ್ತು. ಅವರು ನಾಲಿಗೆ ಹೊರಳಿಸಿ ಎತ್ತಿದ ಉಲಿ ನೀರಿನ ಮೇಲೆ ಬಂತು. ಕೂಸು ಹುಟ್ಟಿದ ಮನೆಗೆ ಹಾಡುವುದಂತೆ ಅದು, ಬಕಾರಿ ಹೇಳಿದ. ಗೋಪುರ ಆಮೇಲೆ ಇನ್ನೊಂದು ಬಾವುಟ ಏರಿಸಿಲ್ಲ.

ನಾಳೆ ಏನಾಗುತ್ತದೋ ಗೊತ್ತಿಲ್ಲ. ನಮ್ಮಿಂದ ಊರಿಗೆ ಜ್ವರ ಹೋಗಬಾರದು, ಊರಿನಿಂದ ನಮಗೂ ಬರಬಾರದು. ಎಷ್ಟು ದಿನ ಹೇಳುತ್ತಾರೋ ಅಷ್ಟು ದಿನ ಇಳಿಯದೆ ಇರುತ್ತೇವೆ, ಗಾಳಿ ತಿರುಗಿ ಮಳೆಗಾಲ ಬಂದು ಈ ವರ್ಷ ಊರು ತಪ್ಪಿದರೂ ಸರಿ. ಹೋಗು ಎಂದರೆ ಹೋಗುವುದಿಲ್ಲ.

ನಿಮ್ಮಲ್ಲಿ ಎರಡು ಕೋರಿಕೆ. ನಿಮ್ಮ ತಪ್ಪು ಇಂಗ್ಲಿಷನ್ನು ಯಾರು ಬೈದರೂ ಬಿಡಬೇಡಿ. ಡೆಲಿವರಿ ಆಯಿತಾ ಎಂದೇ ಕೇಳುತ್ತಿರಿ. ಮತ್ತೆ, ಬಾಗಿಲು ಮುಚ್ಚುವ ಕಾಲ ಬಂದರೆ ಮುಚ್ಚಿ, ನನ್ನ ಸಾಕು ಹೋದ ರೋಗ ಅದು, ಬೇಡವೆನ್ನಲಾರೆ. ಆದರೆ ಸಾಮಾನಿಗೆ ದಾರಿ ಬರೆಯುವ ಕೈಯಲ್ಲೇ ಹೆರುವವಳಿಗೂ ಒಂದು ಸಾಲು ಬರೆಯಿರಿ. ಬರೆಯದೆ ಹೋದರೆ ನಾವು ನಿಮ್ಮ ಪದವನ್ನೇ ನಮಗೆ ಬೇಕಾದ ಹಾಗೆ ಓದಿಕೊಂಡು ಬರುತ್ತೇವೆ.

ಜಲಜ ಕರೆಯುತ್ತಿದ್ದಾಳೆ, ಬಾಣಂತಿಯ ನೀರು ಕಾಯ್ದಿದೆಯಂತೆ. ಬಾವುಟದ ಹಗ್ಗದ ತುಂಬ ಕೂಸಿನ ಬಟ್ಟೆ ಒಣಗಹಾಕಿದ್ದೇನೆ, ಕೆಂಪು, ಹಳದಿ, ನೀಲಿ, ಚೌಕಳಿ. ಗೋಪುರದವರು ದುರ್ಬೀನು ಹಿಡಿದು ನೋಡುತ್ತಿದ್ದಾರೆ. ಏನೆಂದು ಓದುತ್ತಾರೋ ಓದಿಕೊಳ್ಳಲಿ.