ಹದಿನೇಳನೇ ತುಂಡು

ಕೋಗಿಲು, ಯಲಹಂಕ
26 ನವೆಂಬರ್ 2025, ಬುಧವಾರ
ಮಧ್ಯಾಹ್ನ ಎರಡೂವರೆ

ಚಿರಂಜೀವಿ ದಿವ್ಯಳಿಗೆ ಅಮ್ಮನ ಆಶೀರ್ವಾದ.

ಮುಂದೆ ಓದುವ ಮೊದಲು, ನಾನು ಮಾಡಿಕೊಟ್ಟ ಚಾಕು ನಿನ್ನ ಕೈಯಲ್ಲಿದ್ದರೆ ಕೆಳಗಿಡು. ನಿನ್ನ ಅಡುಗೆಮನೆಯಲ್ಲಿ ಬೇರೆ ಯಾರ ಕೈಯಲ್ಲಿದ್ದರೂ ಇಡಿಸು. ದಪ್ಪ ಬಟ್ಟೆಯಲ್ಲಿ ಸುತ್ತಿ, ಯಾರೂ ತೆಗೆಯದ ಕಡೆ ಇಟ್ಟು ಬಂದು ಕೂತು ಓದು.

ಬೆಳಿಗ್ಗೆಯಿಂದ ನಿನಗೆ ಹನ್ನೊಂದು ಸಲ ಫೋನ್ ಮಾಡಿದ್ದೇನೆ. ನೀನು ಎತ್ತುವುದಿಲ್ಲ ಎಂದು ಗೊತ್ತಿದ್ದೇ ಮಾಡಿದೆ. ವಾಟ್ಸಾಪ್ ಮೆಸೇಜಿಗೆ ಒಂದೇ ಟಿಕ್ ಬಿದ್ದಿದೆ, ಎರಡನೆಯದು ಬಿದ್ದಿಲ್ಲ. ಆಮೇಲೆ ನಿನ್ನ ಮನೆಯವನಿಗೆ, ಗುರುಚರಣ್‌ಗೆ ಮಾಡಿದೆ. ಪಾಪ, ಅವನು ಎತ್ತಿದ. "ಅವ್ಳು ಮಾತಾಡಲ್ಲ ಅಂತಾಳೆ ಅತ್ತೆ, ನಾಳೆ ಊಟದ ಆರ್ಡರ್ ಮುಗೀಲಿ, ನಾನೇ ನಿಧಾನಕ್ಕೆ ಹೇಳ್ತೀನಿ. ಏನಾದ್ರೂ ಅರ್ಜೆಂಟಾ?" ಎಂದು ಕೇಳಿದ. ಅರ್ಜೆಂಟು ಎನ್ನಬೇಕಿತ್ತು. "ಏನಿಲ್ಲಪ್ಪ, ಸುಮ್ನೆ ಮಾಡ್ದೆ" ಎಂದು ಇಟ್ಟುಬಿಟ್ಟೆ. ಯಾಕೆ ಹಾಗೆಂದೆ ಎಂದು ಆಗಿನಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಆ ಮಾತು ಬಾಯಿಂದ ಹೊರಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಚಾಕುಗಳಿಗೆ ಹಿಡಿ ಕೂರಿಸುವ ಗೌಹರ್ ಇವತ್ತಿನ ಕೆಲಸ ಮುಗಿಸಿ ನಾಲ್ಕಕ್ಕೆ ಆರ್.ಟಿ. ನಗರಕ್ಕೆ ಹೊರಡುತ್ತಾಳೆ. ಅವಳ ಮನೆ ನಿನ್ನ ಮನೆಯಿಂದ ಎರಡೇ ಬೀದಿ. ಕತ್ತಲಾಗುವ ಮೊದಲು ಇದು ನಿನ್ನ ಕೈ ಸೇರುತ್ತದೆ.

ಏನಾಯಿತೆಂದು ಕ್ರಮವಾಗಿ ಹೇಳುತ್ತೇನೆ.

ನಾನು ಚಾಕು ಮಾಡುವಾಗಲೆಲ್ಲ ಅದೇ ಸ್ಟೀಲ್ ಪಟ್ಟಿಯಿಂದ ಇನ್ನೊಂದು ತುಂಡು ಕತ್ತರಿಸಿ, ಅದಕ್ಕೂ ಅದೇ ಕಾವು, ಅದೇ ಹದ ಕೊಟ್ಟು, ನಂಬರ್ ಹಾಕಿ ಎತ್ತಿಡುತ್ತೇನೆ. ನೀನು ನೋಡಿದ್ದೀಯ, "ಅಮ್ಮನ ಉಪ್ಪಿನಕಾಯಿ ಜಾಡಿ" ಎಂದು ಆ ಡಬ್ಬ ನೋಡಿ ನಗಾಡುತ್ತಿದ್ದೆ. ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಇಪ್ಪತ್ತೇಳು ವರ್ಷ ದುಡಿದವಳಿಗೆ ಅಂಟಿದ ಅಭ್ಯಾಸ ಅದು. ಎರಡು ತಿಂಗಳಿಗೊಮ್ಮೆ ಆ ತುಂಡುಗಳನ್ನೆಲ್ಲ ಹೊರಗೆ ತೆಗೆದು ಪರೀಕ್ಷೆಗೆ ಇಡುತ್ತೇನೆ. ಈ ವರ್ಷ ಮೂರು ಬಗೆಯ ಸ್ಟೀಲನ್ನು ಹೋಲಿಸುತ್ತಿದ್ದೆ. ಬೇರಿಂಗಿಗೆ ಹಾಕುವುದು ಒಂದು, ಲಾರಿ ಸ್ಪ್ರಿಂಗಿನದು ಒಂದು, ಮೂರನೆಯದು ಸಾದಾ ಕಾರ್ಬನ್ ಸ್ಟೀಲು. ಮೊದಲೆರಡನ್ನು ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಬೇಕು, ನೀರಿಗೆ ಅದ್ದಿದರೆ ಬಿರುಕು ಬಿಡುತ್ತವೆ. ಮೂರನೆಯದು ಎಣ್ಣೆಯಲ್ಲಿ ಸರಿಯಾಗಿ ಗಟ್ಟಿಯಾಗುವುದಿಲ್ಲ, ನೀರಿಗೇ ಅದ್ದಬೇಕು.

ನಿನಗೆ ಮಾಡಿದ್ದು ಮೂರನೆಯದರಲ್ಲಿ. ಹಾಗೆಂದು ನಾನು ತಿಳಿದಿದ್ದೆ. ಅದರ ಅಂಚು ಬೇಗ ಮಸೆಯಲು ಬರುತ್ತದೆ, ದಿನವಿಡೀ ತರಕಾರಿ ಹೆಚ್ಚುವವರಿಗೆ ಅನುಕೂಲ. ಅದರ ಜೊತೆ ತುಂಡಿನ ನಂಬರ್ ಹದಿನೇಳು.

ಇವತ್ತು ಬೆಳಿಗ್ಗೆ ಒಂಬತ್ತೂವರೆಗೆ ಕೂತೆ. ತೆಂಗಿನ ನಾರಿನ ಹಗ್ಗ ಕೊಯ್ಯುವ ಪರೀಕ್ಷೆಯಲ್ಲಿ ಹದಿನೇಳು ಎಲ್ಲಕ್ಕಿಂತ ಮೇಲೆ ಬಂತು. ಅದರ ಜಾತಿಯ ಉಳಿದ ತುಂಡುಗಳು ಎಂಬತ್ತು, ತೊಂಬತ್ತು ಸಲಕ್ಕೆ ಮೊಂಡಾದವು. ಇದು ನೂರಾ ನಲವತ್ತು ದಾಟಿತು. ನಿನಗೆ ಎಂಥಾ ಚಾಕು ಕೊಟ್ಟಿದ್ದೇನೆ ಎಂದು ಒಂದು ಕ್ಷಣ ಹಿಗ್ಗಿದೆ. ಆಮೇಲೆ ಬಾಗಿಸುವ ಪರೀಕ್ಷೆ. ವೈಸಿನಲ್ಲಿ ಬಿಗಿದು ಪೈಪು ತೂರಿಸಿ ಎಳೆದೆ. ಉಳಿದವು ಪೈಪಿನ ತುದಿ ಒಂದು ಗೇಣು ಸರಿಯುವಷ್ಟು ಬಾಗಿ ವಾಪಸು ಬಂದವು. ಹದಿನೇಳು ಬಾಗಲೇ ಇಲ್ಲ. ಸದ್ದು ಮಾತ್ರ ಕೇಳಿಸಿತು. ಅರ್ಧ ತುಂಡು ಹಾರಿ ಶೆಡ್ಡಿನ ಬಾಗಿಲಿಗೆ ನಾಟಿಕೊಂಡಿತ್ತು. ಟೇಪು ಹಿಡಿದು ಅಳೆದೆ, ನೆಲದಿಂದ ನಾಲ್ಕು ಅಡಿ ಹತ್ತು ಇಂಚು. ನೀನು ನಿಂತರೆ ನಿನ್ನ ಕಣ್ಣು ಅಲ್ಲಿಗೆ ಬರುತ್ತದೆ.

ಮುರಿದ ಬಾಯಿಯನ್ನು ಭೂತಗನ್ನಡಿಯಲ್ಲಿ ನೋಡಿದೆ. ಹೊಸದಾಗಿ ಮುರಿದ ಸ್ಟೀಲು ಒಳಗೆ ತಿಳಿ ಬೂದು ಬಣ್ಣ ಇರುತ್ತದೆ. ಇದರಲ್ಲಿ ಮುಕ್ಕಾಲು ಪಾಲು ಹಾಗಿತ್ತು. ಅಂಚಿನ ಹತ್ತಿರ, ಹೆಬ್ಬೆರಳಿನ ಉಗುರಿನಷ್ಟು ಜಾಗ ಮಾತ್ರ ಕಪ್ಪು. ಆ ಕಪ್ಪು ಇವತ್ತಿನದಲ್ಲ. ಅದ್ದಿದ ಕೂಡಲೇ ಬಿರುಕು ಬಿಟ್ಟಿದೆ, ಆಮೇಲೆ ಪೆಡಸು ಇಳಿಯಲೆಂದು ಓವನ್ನಿನಲ್ಲಿ ಎರಡು ಗಂಟೆ ಇಟ್ಟಾಗ ಬಿರುಕಿನ ಒಳಗೂ ಬಣ್ಣ ತಿರುಗಿದೆ. ಅಂದರೆ ಅದು ಹುಟ್ಟುವಾಗಲೇ ಒಡೆದಿತ್ತು. ಕಾರ್ಖಾನೆಯಲ್ಲಿ ಇಂಥವನ್ನು ನೂರಾರು ನೋಡಿದ್ದೇನೆ, ಅನುಮಾನವೇ ಇಲ್ಲ.

ನೀರಿಗೆ ಅದ್ದಬಾರದ ಸ್ಟೀಲನ್ನು ನೀರಿಗೆ ಅದ್ದಿದ್ದೇನೆ ದಿವ್ಯ. ಅದು ಸಾದಾ ಸ್ಟೀಲ್ ಅಲ್ಲ, ಬೇರಿಂಗಿನದು.

ಹೇಗೆ ತಪ್ಪಿತು ಎಂದು ಕೇಳುತ್ತೀಯ. ಯಶವಂತಪುರದ ಅಂಗಡಿಯವರು ಪ್ರತಿ ಪಟ್ಟಿಯ ತುದಿಗೂ ಬಣ್ಣ ಬಳಿದು ಕೊಡುತ್ತಾರೆ; ಯಾವ ಬಣ್ಣಕ್ಕೆ ಯಾವ ಸ್ಟೀಲು ಎಂಬುದು ಅದರಿಂದಲೇ ಗೊತ್ತಾಗಬೇಕು. ಕಣ್ಣಿಗೆ ಮೂರೂ ಒಂದೇ. ಆಯುಧಪೂಜೆಯ ಹಿಂದಿನ ದಿನ ನಿನ್ನ ಸೋದರತ್ತೆ ಗಂಗರತ್ನಮ್ಮ ಶೆಡ್ಡು ತೊಳೆಯಲು ಬಂದಿದ್ದಳು. ನಾನು ಹೂವು, ಬೂದುಗುಂಬಳ ತರಲು ಹೋಗಿದ್ದೆ. ಬರುವಷ್ಟರಲ್ಲಿ ಸುತ್ತಿಗೆ, ಅರ, ವೈಸು ಎಲ್ಲವನ್ನೂ ಸೀಮೆಎಣ್ಣೆ ಹಾಕಿ ಉಜ್ಜಿ ಫಳಫಳ ಮಾಡಿದ್ದಳು. ಪಟ್ಟಿಗಳನ್ನೂ ಬಿಟ್ಟಿರಲಿಲ್ಲ. "ತುದೀಗೆಲ್ಲಾ ಪೇಂಟ್ ಮೆತ್ಕೊಂಡಿತ್ತು ಕಣೇ ಸತ್ಯ, ಪೂಜೆಗೆ ಇಂಗೇ ಇಡಾಕಾಯ್ತದಾ ಅಂತ ಎಲ್ಲಾ ಕಿತ್ತಾಕ್ದೆ. ನೋಡು, ಎಂಗ್ ಒಳೀತವೆ!" ಎಂದಳು. ಬೈಯಲು ಬಾಯಿ ಬರಲಿಲ್ಲ. ಬೆಳಿಗ್ಗೆಯಿಂದ ಬಗ್ಗಿ ಉಜ್ಜಿ ಅವಳ ಸೊಂಟ ನೆಟ್ಟಗಾಗುತ್ತಿರಲಿಲ್ಲ. ಎಲ್ಲಕ್ಕೂ ವಿಭೂತಿ, ಕುಂಕುಮ ಇಟ್ಟು ಪೂಜೆ ಮಾಡಿದೆವು.

ತಪ್ಪು ಅವಳದಲ್ಲ. ನಾನು ಆ ಪಟ್ಟಿಗಳನ್ನೆಲ್ಲ ಪಕ್ಕಕ್ಕೆ ಹಾಕಿ ಹೊಸದು ತರಿಸಬೇಕಿತ್ತು. ವಿಜಯದಶಮಿಯ ದಿನವೇ ನಿನ್ನ ಚಾಕುವಿಗೆ ಹದ ಕೊಡಬೇಕೆಂದು ಮನಸ್ಸಿನಲ್ಲಿತ್ತು. ಗೋಡೆಗೆ ಒರಗಿಸಿದ ಸಾಲಿನಲ್ಲಿ ಎಡಗಡೆಯದು ಸಾದಾ ಸ್ಟೀಲು ಎಂದು ಅಂದಾಜು ಮಾಡಿದೆ. ಸ್ಟೀಲಿನ ಜಾತಿ ಗುರುತಿಸಲು ಸಾಣೆಚಕ್ರಕ್ಕೆ ಹಿಡಿದು ಕಿಡಿಯನ್ನೂ ನೋಡಿದೆ. ಈ ಎರಡರ ಕಿಡಿಯಲ್ಲಿ ವ್ಯತ್ಯಾಸ ತೀರಾ ಕಡಿಮೆ. ನನಗೆ ಬೇಕಾದಂತೆ ಕಂಡಿತು.

ಇಷ್ಟಾದರೂ ತಪ್ಪು ಸಿಕ್ಕಿಬೀಳುವ ದಾರಿ ಇನ್ನೊಂದಿತ್ತು. ನನ್ನ ಪ್ರತಿ ಚಾಕುವೂ ಹೊರಗೆ ಹೋಗುವ ಮೊದಲು ಯಲಹಂಕದ ನಾಗಭೂಷಣ ಅವರ ವರ್ಕ್‌ಶಾಪಿಗೆ ಹೋಗುತ್ತದೆ. ಅವರ ಯಂತ್ರ ವಜ್ರದ ಮೊನೆ ಒತ್ತಿ ಗಡಸುತನ ಎಷ್ಟೆಂದು ತೋರಿಸುತ್ತದೆ. ನಿನ್ನದನ್ನು ಅಲ್ಲಿ ಇಟ್ಟಿದ್ದರೆ ಸಂಖ್ಯೆ ನಾಲ್ಕೈದು ಹೆಚ್ಚು ಬರುತ್ತಿತ್ತು, ಬೇರೆ ಸ್ಟೀಲೆಂದು ಅಲ್ಲೇ ಗೊತ್ತಾಗುತ್ತಿತ್ತು. ಆದರೆ ಆ ಮೊನೆ ಗಸಗಸೆ ಕಾಳಿನಷ್ಟು ಗುಳಿ ಬಿಡುತ್ತದೆ. ನಾನು ಮಾರಿದ ಎಲ್ಲ ಚಾಕುಗಳಲ್ಲೂ ಹಿಡಿಯ ಪಕ್ಕ ಆ ಗುಳಿ ಇದೆ. ನಿನ್ನದರಲ್ಲಿ ಇಲ್ಲ. ಮೂರು ದಿನ ಕೂತು ಕನ್ನಡಿಯ ಹಾಗೆ ಹೊಳಪು ತಂದಿದ್ದೆ. ನನ್ನ ಮಗಳ ಚಾಕುವಿನ ಮೇಲೆ ಒಂದು ಚುಕ್ಕೆಯೂ ಬೇಡ ಅನ್ನಿಸಿತು.

ಜನವರಿಯಲ್ಲಿ ನಿನ್ನ ಅತ್ತೆಯ ಮುಂದೆ, ಊಟಕ್ಕೆ ಕೂತಿದ್ದ ಅಷ್ಟೂ ಜನರ ಮುಂದೆ, "ಇನ್ಶೂರೆನ್ಸ್ ಆಫೀಸಿನ ಕುರ್ಚಿ ಬಿಟ್ಟು ಸೌಟು ಹಿಡ್ಕೊಂಡು ನಿಂತ್ಳು" ಎಂದೆನಲ್ಲ. ನೀನು ಸಾರಿನ ಪಾತ್ರೆ ಕೆಳಗಿಟ್ಟು, "ನೀನು ಕಬ್ಬಿಣ ಕಾಯಿಸ್ಬೋದು, ನಾನು ಎಣ್ಣೆ ಕಾಯಿಸ್ಬಾರ್ದಾ ಅಮ್ಮ? ಇನ್ಮೇಲೆ ನಮ್ಮನೆ ಬಾಗಿಲಿಗೆ ಬರ್ಬೇಡ" ಎಂದೆ. ನೀನು ಹೇಳಿದ್ದು ಸರಿ. ತಪ್ಪಾಯಿತು ಎನ್ನಲು ಆಗದೆ ಚಾಕು ಮಾಡಲು ಕೂತವಳು ನಾನು. ಅದನ್ನು ಗೌಹರ್ ಕೈಲಿ ಕಳಿಸಿ, ನೀನು ತೆಗೆದುಕೊಂಡೆ ಎಂದು ಕೇಳಿದಾಗ ಆ ದಿನ ಎರಡು ತುತ್ತು ಹೆಚ್ಚಿಗೆ ಉಂಡೆ.

ಹೋದ ವಾರ ಅವಳೇ ಬಂದು ಹೇಳಿದಳು. "ಅಕ್ಕಾ, ದಿವ್ಯಾಗೆ ಆ ಚಾಕು ಅಂದ್ರೆ ಪ್ರಾಣ. ಯಾರ್ಗೂ ಮುಟ್ಟಕ್ಕೂ ಬಿಡಲ್ಲ. ಇಷ್ಟಗಲ ಕುಂಬಳಕಾಯಿ, ಚಾಕು ಅದ್ರಲ್ಲಿ ನೆಟ್ಬಿಟ್ಟು ಮೇಲಿಂದ ಅಂಗೈಯಲ್ಲಿ ಪಟಾರ್ ಅಂತ ಹೊಡೀತಾಳೆ, ಎರಡು ಹೋಳು!" ಆಗ ಸಂತೋಷಪಟ್ಟಿದ್ದೆ. ಇವತ್ತು ಬೆಳಿಗ್ಗೆಯಿಂದ ಆ ಪಟಾರ್ ಸದ್ದೊಂದೇ ಕಿವಿಯಲ್ಲಿದೆ. ಬಿರುಕು ಬಿಟ್ಟ ಅಲಗಿಗೆ ಅದಕ್ಕಿಂತ ಕೆಟ್ಟ ಏಟಿಲ್ಲ. ನಾಳೆ ಅಲ್ಲಾಳಸಂದ್ರದ ಗೃಹಪ್ರವೇಶಕ್ಕೆ ನೂರಿಪ್ಪತ್ತು ಎಲೆ ಎಂದೂ, ಕುಂಬಳಕಾಯಿ ಹುಳಿ ಎಂದೂ ಗೌಹರ್ ಹೇಳಿದ್ದಾಳೆ. ಎಷ್ಟು ಕಾಯಿ, ಎಷ್ಟು ಏಟು ಎಂದು ಲೆಕ್ಕ ಹಾಕಲು ಹೋಗಿ ನಿಲ್ಲಿಸಿದೆ. ಈ ಏಳು ವಾರದಲ್ಲಿ ಅದು ಇನ್ನೂ ಮುರಿದಿಲ್ಲ. ತುಂಡಿಗೆ ಬಿರುಕಿದ್ದು, ಚಾಕುವಿಗೆ ಇಲ್ಲದಿರುವುದೂ ಸಾಧ್ಯ. ಅದೊಂದನ್ನೇ ಹಿಡಿದುಕೊಂಡು ಕೂತಿದ್ದೇನೆ.

ಚಾಕು ಚೆನ್ನಾಗಿಯೇ ಇದೆಯಲ್ಲ, ಇದೊಂದು ಆರ್ಡರ್ ಮುಗಿಯಲಿ ಎಂದುಕೊಳ್ಳಬೇಡ. ಇಂಥ ಬಿರುಕು ಕಣ್ಣಿಗೆ ಕಾಣುವುದಿಲ್ಲ. ಹಟಕ್ಕೂ ಬೀಳಬೇಡ, ಹಟವೆಲ್ಲ ನನ್ನ ಮೇಲಿರಲಿ. ನಾಳೆಗೆ ನಿನ್ನ ಹಳೆಯ ಈಳಿಗೆಮಣೆ ಸಾಕು. ನನ್ನ ಜೊತೆ ಮಾತಾಡಬೇಕು ಎಂದೇನೂ ಇಲ್ಲ.

ನಿನ್ನ ಅಮ್ಮ,
ಸತ್ಯವತಿ

ತಾ.ಕ.: ಮೂರು ಮುಕ್ಕಾಲು. ಗೌಹರ್ ಕಾಗದ ತೆಗೆದುಕೊಳ್ಳಲಿಲ್ಲ. ವಿಷಯವೇನೆಂದು ಹೇಳಿದೆ. ಅವಳು ಕೈ ಒರೆಸಿಕೊಳ್ಳುತ್ತಾ, "ಚಾಕೂನ ನಾನೇ ಹೊತ್ಕೊಂಡು ಹೋಗಿ ಕೊಟ್ಟೆ ಅಕ್ಕಾ. ಇದನ್ನೂ ನಾನೇ ಕೊಡ್ಬೇಕಾ? ಅಲ್ಲಾ, ಅದ್ದುವಾಗ ನಿಮ್ಗೇನೂ ಗೊತ್ತೇ ಆಗ್ಲಿಲ್ವಾ?" ಎಂದಳು. ಇಲ್ಲ ಎಂದೆ. ಅವಳಿಗೆ ಸುಳ್ಳು ಹೇಳಿದೆ. ಮೇಲೆ ಎರಡು ಹಾಳೆ ತುಂಬಾ ನಿನಗೂ ಅದನ್ನು ಮುಚ್ಚಿಟ್ಟಿದ್ದೇನೆ.

ಸ್ಟೀಲು ನೀರಿನೊಳಗೆ ಬಿರುಕು ಬಿಡುವಾಗ ಒಂದು ಸದ್ದು ಬರುತ್ತದೆ, ಉಗುರಿನಿಂದ ಲೋಟಕ್ಕೆ ಚಿಟಿಕೆ ಹೊಡೆದಂತೆ. ಇಪ್ಪತ್ತೇಳು ವರ್ಷ ಆ ಸದ್ದಿಗೇ ಕಿವಿ ಕೊಟ್ಟು ಸಂಬಳ ತೆಗೆದುಕೊಂಡವಳು ನಾನು. ವಿಜಯದಶಮಿಯ ದಿನ ಅದು ಎರಡು ಸಲ ಕೇಳಿಸಿತು. ಒಂದು, ತುಂಡು ಅದ್ದಿದಾಗ. ಇನ್ನೊಂದು, ನಿನ್ನ ಚಾಕು ಅದ್ದಿದಾಗ. ಬಕೆಟ್ಟಿನ ಸದ್ದಿರಬೇಕು ಎಂದುಕೊಂಡೆ.

ಗೌಹರ್ ಜೊತೆ ಬಸ್ಸಿಗೆ ನಾನೂ ಹೊರಟಿದ್ದೇನೆ. ಗುರುಚರಣ್‌ನನ್ನು ಗೇಟಿಗೆ ಕರೆದು ಈ ಕಾಗದವನ್ನು ಅವನ ಕೈಗೆ ಕೊಡುತ್ತೇನೆ. ನೀನು ಇದನ್ನು ಓದುವಾಗ ನಿನ್ನ ಗೇಟಿನ ಹೊರಗೆ ರಸ್ತೆಯಲ್ಲಿ ಇರುತ್ತೇನೆ. ಒಳಗೆ ಕರೆಯಬೇಡ. ಚಾಕು ನನ್ನ ಕೈಗೂ ಕೊಡಬೇಡ, ಕಾಂಪೌಂಡಿನ ಮೇಲೆ ಇಟ್ಟು ಹಿಂದಕ್ಕೆ ಸರಿ. ಇಡುವಾಗ ಅಲಗು ನನ್ನ ಕಡೆಗಿರಲಿ.