ನಾಲ್ಕನೆಯ ಹಾಡಿನ ಕೂಗು

ಜಹೀರಾಬಾದ್
೧೫ ಡಿಸೆಂಬರ್ ೨೦೨೪

ಪ್ರೀತಿಯ ತಮ್ಮ ಭೀಮೇಶನಿಗೆ,

ಅಕ್ಕ ಪೂರ್ಣಿಮಾಳ ಆಶೀರ್ವಾದ. ನಿಮ್ಮ ರಾಕ್ ಬ್ಯಾಂಡಿನ ಆಲ್ಬಂ ಹೊರಗೆ ಬಿಡುವ ಮುಂಚೆ ಕೇಳಿ ನೋಡಲು ನೀನು ಕಳಿಸಿ ತಿಂಗಳಾಯಿತು, ಈಗ ಬರೆಯುತ್ತಿದ್ದೇನೆ, ಬೈಯಬೇಡ. ಫೋನಿನಲ್ಲಿ ಹೇಳಹೋದರೆ ನೀನು ನಡುವೆ ಬಾಯಿ ಹಾಕುತ್ತೀ, ಅದಕ್ಕೇ ಈ ಕಾಗದ.

ನಾಲ್ಕನೆಯ ಹಾಡಿನಲ್ಲಿ ಅಪ್ಪ ಕುರಿ ಕರೆಯುವ ಕೂಗನ್ನು ಇಡಬೇಕೋ ತೆಗೆಯಬೇಕೋ ಎಂದು ಕೇಳಿದ್ದೀ. ಹೈದರಾಬಾದಿನಲ್ಲಿ ಕೇಳಿದವರು ಅದೊಂದೇ ಕೆಟ್ಟಿದೆ ಎಂದರಂತೆ, ನಿನ್ನ ಜೊತೆಯವರು ಅದನ್ನು ಅಳಿಸಿ ಹೊಸದಾಗಿ ಕೂಗಿಸಿ ಹಾಕೋಣ ಎನ್ನುತ್ತಾರಂತೆ. ನಮ್ಮ ಕಡೆಯವರು ಏನಂದರೋ ಅದನ್ನು ಇದ್ದಂತೆ ಬರೆಯುತ್ತೇನೆ.

ನಿನ್ನ ಭಾವ ಮೋಟರ್ ರಿಪೇರಿಯ ಮನುಷ್ಯ. ಮೂರು ಹಾಡು ಕೇಳಿ, "ಮೋಟರ್ ಚಾಲೂ ಆಗ್ಯದ, ನೀರೇ ಬರವಲ್ದು. ಹಾಡು ಎಲ್ಲದ ಇದ್ರಾಗ?" ಎಂದರು. ನನ್ನ ಜೊತೆ ಶಾಲೆಯಲ್ಲಿ ಕಲಿಸುವ ತಾಂಡೂರಿನ ಸ್ವಾತಿಗೆ ಮಾತ್ರ ಹುಚ್ಚು ಹಿಡಿದಿದೆ. ಊರಿಗೆ ಹೋಗುವಾಗ ಬಸ್ಸಿನಲ್ಲಿ ಕೇಳಿದಳಂತೆ. "ಹಾಡು ಮುಗದ ಮ್ಯಾಲೂ ಯಾರ ಕೂಡಾನೂ ಮಾತಾಡಬೇಕು ಅನಿಸಲಿಲ್ಲ ನೋಡು. ನಡುವ ಯಾರೋ ಮುದುಕ ಚೀರ್ತಾನ, ಅದೊಂದು ತೆಗದ್ರ ಮಸ್ತ್ ಅದ" ಎಂದಳು. ಆ ಮುದುಕ ನಮ್ಮಪ್ಪ ಎಂದು ನಾನು ಹೇಳಲಿಲ್ಲ. ನನ್ನನ್ನು ಕೇಳಿದರೆ, ಮೊದಲ ಮೂರಕ್ಕೆ ತೂಕಡಿಕೆ ಬಂತು. ಐದನೆಯದು ಚಲೋ ಇದೆ.

ಹೋದ ಭಾನುವಾರ ಅಪ್ಪ ಅವ್ವನನ್ನು ನೋಡಲು ಮನೂರಿಗೆ ಹೋಗಿದ್ದೆವು. ನಿನ್ನ ಭಾವ ಅಂಗಳದಲ್ಲಿ ಸ್ಪೀಕರ್ ಇಟ್ಟು ಎಲ್ಲ ಹಾಡನ್ನೂ ಹಚ್ಚಿದರು. ಅವ್ವ ಕಣ್ಣು ಮುಚ್ಚಿ ಕೇಳಿ, "ಹೊಲದಾಗ ಒಬ್ಬಾಕಿನೇ ಇದ್ದಾಂಗ ಆಗ್ತದಪ್ಪಾ" ಎಂದಳು. ಹೊಗಳಿದಳೋ ತೆಗಳಿದಳೋ ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ನಾಲ್ಕನೆಯದು ಬಂತು. ಅಪ್ಪನ ಕೂಗು ಕೇಳಿದ್ದೇ ತಡ, ಹಟ್ಟಿಯ ಮುಳ್ಳಿನ ಬಾಗಿಲು ಕೆಡವಿ ಕುರಿಗಳೆಲ್ಲ ಅಂಗಳಕ್ಕೆ ನುಗ್ಗಿದವು. ಪಕ್ಕದ ಮನೆಯ ಗುಂಡಮ್ಮ ಒಣಹಾಕಿದ್ದ ತೊಗರಿಯನ್ನೆಲ್ಲ ತುಳಿದವು. ಅವಳು ಕೋಲು ಹಿಡಿದು ಬಂದವಳು ಅಪ್ಪನನ್ನು ನೋಡಿ ಹಾಗೇ ನಿಂತಳು. "ಏ ಶಿವರಾಯ, ನೀ ಇಲ್ಲೇ ಕುಂತೀದಿ. ಮತ್ತ ಕೂಗಿದವ ಯಾರೋ?"

ಅಪ್ಪ ಕೊರಳಿಗೆ ಶಾಲು ಸುತ್ತಿಕೊಂಡು ಮಂಚದ ಮೇಲೆ ಕೂತಿದ್ದ. ನಿನ್ನ ಭಾವನ ಕಡೆ ತಿರುಗಿ, ಮತ್ತೊಮ್ಮೆ ಹಚ್ಚು ಎಂದು ಕೈಸನ್ನೆ ಮಾಡಿದ. ಗುಂಡಮ್ಮ ಬೈಯುತ್ತಲೇ ಇದ್ದಳು.

ಇಷ್ಟು ಸಮಾಚಾರ. ಹೊತ್ತಿಗೆ ಸರಿಯಾಗಿ ಉಣ್ಣು. ಕಿವಿಗೆ ಆ ದೊಡ್ಡ ಯಂತ್ರ ಹಾಕಿಕೊಂಡು ರಸ್ತೆ ದಾಟಬೇಡ. ಗಿಟಾರ್ ನುಡಿಸುವ ನಿನ್ನ ಕೈಗೆ ಒಳ್ಳೆಯದಾಗಲಿ.

ನಿನ್ನ ಅಕ್ಕ,
ಪೂರ್ಣಿಮಾ

ತಾ.ಕ.: ನೀನು ಫೋನ್ ಮಾಡಿದಾಗೆಲ್ಲ ಅವ್ವ "ನಿಮ್ಮಪ್ಪ ಕುರಿ ಹಿಂದ ಹೋಗ್ಯಾನ" ಎನ್ನುವುದು ಸುಳ್ಳು. ದೀಪಾವಳಿಗೆ ಮುಂಚೆ ಅಪ್ಪನ ಗಂಟಲಿಗೆ ಆಪರೇಷನ್ ಆಯಿತು. ಗಡ್ಡೆಯ ಜೊತೆಗೆ ದನಿಯನ್ನೂ ತೆಗೆದುಬಿಟ್ಟರು. ಒಳಗೆ ಕರೆದೊಯ್ಯುವಾಗ, "ಅವನ ಹಾಡಿನ ಕೆಲಸ ಮುಗೀಲಿ, ಆಮ್ಯಾಲ ಹೇಳು" ಎಂದ. ಅದೇ ಅವನ ಕಡೆಯ ಮಾತು. ಈಗ ಸಂಜೆಯಾದರೆ ಅವ್ವನ ಫೋನಿನಲ್ಲಿ ನಾಲ್ಕನೆಯ ಹಾಡು ಹಚ್ಚಿಕೊಂಡು ಹಟ್ಟಿಯ ಬಾಗಿಲಲ್ಲಿ ನಿಲ್ಲುತ್ತಾನೆ. ಕೂಗು ಕೇಳಿ ಕುರಿಗಳು ಓಡಿ ಬರುತ್ತವೆ. ಅದರ ಮೇಲೆ ನಿನ್ನ ಗಿಟಾರ್ ಬಂದೊಡನೆ ನಡುದಾರಿಯಲ್ಲೇ ನಿಂತುಬಿಡುತ್ತವೆ. ಅಪ್ಪ ಮತ್ತೆ ಮೊದಲಿನಿಂದ ಹಚ್ಚುತ್ತಾನೆ. ಕೂಗು ಅಳಿಸಬೇಡ, ಭೀಮು. ಗಿಟಾರ್ ಸೇರಿಸುವ ಮುಂಚಿನ ಬರೀ ಕೂಗು ನಿನ್ನ ಹತ್ತಿರ ಉಳಿದಿದ್ದರೆ, ಅವ್ವನ ಫೋನಿಗೆ ಕಳಿಸು.